ಪುಡಿ, ತುಂಡು ಮತ್ತು ಕ್ರಿಯೆಯ ವೇಗ: ಮೇಲ್ಮೈ ವಿಸ್ತೀರ್ಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು ನಾನು. ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿದವು, ತಂದೆತಾಯಂದಿರು ಪತ್ರದಲ್ಲಿ ಬರೆದವು, ಹಿಟ್ಟಿನ ಗಿರಣಿಯವರೂ ಕಟ್ಟಡ ಕಟ್ಟಿಸುವವರೂ ಕೇಳಿದವು ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಅವರವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಪಾಠ

ಪುಡಿ ಮಾಡಿದರೆ ಕ್ರಿಯೆ ಬೇಗ ನಡೆಯುತ್ತದೆ ಎನ್ನುತ್ತೀರಿ. ವಸ್ತು ಅದೇ, ತೂಕವೂ ಅದೇ. ಹಾಗಾದರೆ ಬದಲಾದದ್ದು ಏನು?

ಎದುರಿನ ವಸ್ತುವಿಗೆ ಸಿಗುವ ಜಾಗ ಬದಲಾಯಿತು. ಅಮೃತಶಿಲೆಯ ತುಂಡೊಂದನ್ನು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದಿರಿ ಎನ್ನಿ. ಅಮೃತಶಿಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲದ ಹೈಡ್ರೋಜನ್ ಅಯಾನುಗಳು ಅದಕ್ಕೆ ಬಂದು ತಾಗಿದರೆ ಮಾತ್ರ ಕ್ರಿಯೆ ನಡೆದು ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳುತ್ತವೆ. ಆದರೆ ಗಟ್ಟಿ ಕಲ್ಲಿನ ಒಳಗೆ ಆಮ್ಲಕ್ಕೆ ಪ್ರವೇಶವಿಲ್ಲ. ಹೊರಪದರದಲ್ಲಿ ಇರುವವುಗಳಿಗಷ್ಟೇ ಸರದಿ. ಒಳಗಿನವು ಮದುವೆಮನೆಯಲ್ಲಿ ಮೊದಲ ಪಂಕ್ತಿ ಏಳುವುದನ್ನು ಕಾಯುತ್ತಾ ನಿಂತ ನೆಂಟರು. ಕಲ್ಲನ್ನು ಪುಡಿ ಮಾಡುವುದೆಂದರೆ ಇನ್ನಷ್ಟು ಎಲೆ ಹಾಕಿಸಿದಂತೆ. ಒಂದೇ ಸಲಕ್ಕೆ ಹೆಚ್ಚು ಮಂದಿ ಊಟಕ್ಕೆ ಕೂರುತ್ತಾರೆ.

ಪಠ್ಯದಲ್ಲಿ ಬರುವ ಸಂಘಟ್ಟನೆಯ ಸಿದ್ಧಾಂತವೂ ಹೇಳುವುದು ಇದನ್ನೇ: ಕಣಗಳು ಡಿಕ್ಕಿಯಾಗಬೇಕು, ಸಾಕಷ್ಟು ಶಕ್ತಿಯಿಂದ ಆಗಬೇಕು. ಮಾಕ್ಸ್ ಟ್ರೌಟ್ಸ್ 1916ರಲ್ಲಿ, ವಿಲಿಯಂ ಲೂಯಿಸ್ 1918ರಲ್ಲಿ ಇದನ್ನು ಅನಿಲಗಳಿಗಾಗಿ ಬೇರೆ ಬೇರೆಯಾಗಿ ರೂಪಿಸಿದರು. ಘನವಸ್ತುವಿನ ವಿಷಯಕ್ಕೆ ಬಂದರೆ ಡಿಕ್ಕಿ ನಡೆಯಬಲ್ಲ ಸ್ಥಳ ಅದರ ಮೇಲ್ಮೈ ಒಂದೇ.

ಒಂದು ತುಂಡನ್ನು ಪುಡಿ ಮಾಡಿದರೆ ಮೇಲ್ಮೈ ಎಷ್ಟು ಪಟ್ಟು ಹೆಚ್ಚುತ್ತದೆ? ಲೆಕ್ಕ ಮಾಡಿ ತೋರಿಸಿ.

ಒಂದು ಸೆಂಟಿಮೀಟರ್ ಅಂಚಿನ ಘನಾಕೃತಿ ತೆಗೆದುಕೊಳ್ಳಿ. ಆರು ಮುಖಗಳು, ಒಟ್ಟು 6 ಚದರ ಸೆಂಟಿಮೀಟರ್. ಉದ್ದ, ಅಗಲ, ಎತ್ತರ ಮೂರೂ ಕಡೆ ಅರ್ಧಕ್ಕೆ ಕತ್ತರಿಸಿದರೆ 8 ತುಂಡುಗಳು. ಈಗ ಒಟ್ಟು ಮೇಲ್ಮೈ 12 ಚದರ ಸೆಂಟಿಮೀಟರ್. ಒಂದು ಮಿಲಿಮೀಟರಿನ ತುಂಡುಗಳಾಗಿ ಮಾಡಿದರೆ 1000 ತುಂಡು, 60 ಚದರ ಸೆಂಟಿಮೀಟರ್. ಅಂಚು ಎಷ್ಟು ಪಟ್ಟು ಚಿಕ್ಕದಾಯಿತೋ ಮೇಲ್ಮೈ ಅಷ್ಟೇ ಪಟ್ಟು ಹೆಚ್ಚಿತು, ನೆನಪಿಡಬೇಕಾದದ್ದು ಇಷ್ಟೇ.

ಮುಂದುವರಿಸಿ. ಒಂದು ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಂಚಿಗೆ ಇಳಿದರೆ ಅದೇ ಪುಟ್ಟ ಘನಾಕೃತಿಯಿಂದ 6 ಚದರ ಮೀಟರ್ ಸಿಗುತ್ತದೆ. ಅದರ ಸಾವಿರದ ಒಂದು ಪಾಲಾದ ಒಂದು ನ್ಯಾನೋಮೀಟರಿಗೆ ಇಳಿದರೆ 6000 ಚದರ ಮೀಟರ್. ಬೆಂಗಳೂರಿನವರಿಗೆ ಚದರ ಮೀಟರಿಗಿಂತ 30×40 ಅಡಿಯ ನಿವೇಶನ ಚೆನ್ನಾಗಿ ಅರ್ಥವಾಗುತ್ತದೆ: ಐವತ್ತಕ್ಕೂ ಹೆಚ್ಚು ನಿವೇಶನಗಳು, ಎಲ್ಲವೂ ಒಂದು ಸಕ್ಕರೆ ಅಚ್ಚಿನಷ್ಟು ವಸ್ತುವಿನಿಂದ.

ಪುಡಿ ಹಾಕಿದರೆ ಅನಿಲವೂ ಹೆಚ್ಚು ಬರಬೇಕಲ್ಲವೇ?

ಇಲ್ಲ. ಬೇಗ ಬರುತ್ತದೆ, ಹೆಚ್ಚು ಬರುವುದಿಲ್ಲ. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ, ಆಮ್ಲ ಸಾಕಷ್ಟಿದ್ದರೆ, 0.44 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದು ತುಂಡಾಗಿರಲಿ ಪುಡಿಯಾಗಿರಲಿ ಈ ಲೆಕ್ಕ ಬದಲಾಗದು. ನಕ್ಷೆ ಬರೆದರೆ ಪುಡಿಯ ಗೆರೆ ಕಡಿದಾಗಿ ಏರಿ ಬೇಗ ಮಟ್ಟಸವಾಗುತ್ತದೆ, ತುಂಡಿನ ಗೆರೆ ನಿಧಾನವಾಗಿ ಏರುತ್ತದೆ, ಕೊನೆಗೆ ಎರಡೂ ಒಂದೇ ಎತ್ತರದಲ್ಲಿ ಸೇರುತ್ತವೆ. ಪರೀಕ್ಷೆಯಲ್ಲಿ ಎರಡು ಗೆರೆಗಳನ್ನು ಬೇರೆ ಬೇರೆ ಎತ್ತರಕ್ಕೆ ನಿಲ್ಲಿಸಿ ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಒಂದು ಗ್ರಾಮಿಗೆ ಸುಮಾರು 240 ಮಿಲಿಲೀಟರ್ ಅನಿಲ ಎಂದು ಪುಸ್ತಕದಲ್ಲಿರುತ್ತದೆ, ನಮ್ಮ ಪ್ರಯೋಗಾಲಯದಲ್ಲಿ ಅಚ್ಚುಕಟ್ಟಾಗಿ ಅಳೆದವರಿಗೆ 270ರ ಆಸುಪಾಸು ಬರುತ್ತದೆ. ಪುಸ್ತಕದ ಲೆಕ್ಕ ಸಮುದ್ರಮಟ್ಟದ್ದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಶೇ 10ರಷ್ಟು ಕಡಿಮೆ, ಅದೇ ಅನಿಲ ಹೆಚ್ಚು ಜಾಗ ಹಿಡಿಯುತ್ತದೆ. ಅಳತೆಯನ್ನು ತಿದ್ದಿ 240 ಎಂದು ಬರೆಯಬೇಡಿ. ಬಂದದ್ದನ್ನು ಬರೆದು ಕಾರಣ ಕೊಡಿ.

ಸಕ್ಕರೆ ಪುಡಿ ಬೇಗ ಕರಗುತ್ತದೆ ಎಂದು ಉದಾಹರಣೆ ಬರೆದೆ. ತಪ್ಪು ಎಂದು ಹೊಡೆದರು. ಏಕೆ?

ಹೊಡೆದದ್ದು ಸರಿ. ಕರಗಿದ ಮೇಲೂ ಸಕ್ಕರೆ ಸಕ್ಕರೆಯೇ. ಹೊಸ ವಸ್ತು ಹುಟ್ಟಲಿಲ್ಲ, ಹಾಗಾಗಿ ಅದು ರಾಸಾಯನಿಕ ಕ್ರಿಯೆ ಅಲ್ಲ. ಆದರೆ ನಿಮ್ಮ ಊಹೆಯ ಹಿಂದೆ ಹುರುಳಿದೆ. ಕರಗುವುದೂ ಮೇಲ್ಮೈಯಲ್ಲೇ ನಡೆಯುವ ಕೆಲಸ, ಅದರ ದರವೂ ಮೇಲ್ಮೈ ವಿಸ್ತೀರ್ಣವನ್ನೇ ಅನುಸರಿಸುತ್ತದೆ. 1897ರಲ್ಲಿ ಆರ್ಥರ್ ನೋಯ್ಸ್ ಮತ್ತು ವಿಲ್ಲಿಸ್ ವಿಟ್ನಿ ಘನವಸ್ತು ಕರಗುವ ದರಕ್ಕೆ ನಿಯಮವನ್ನೇ ಕೊಟ್ಟರು. ಮಾತ್ರೆ ತಯಾರಿಸುವವರು ಇಂದಿಗೂ ಅದನ್ನು ಬಳಸುತ್ತಾರೆ. ಉತ್ತರ ಪತ್ರಿಕೆಯಲ್ಲಿ ಮಾತ್ರ ಅಮೃತಶಿಲೆ, ಸತು, ಮೆಗ್ನೀಸಿಯಂ ಇವುಗಳಿಗೇ ಅಂಟಿಕೊಳ್ಳಿ.

## ಅಡುಗೆಮನೆಯಿಂದ ಬಂದವು

ಮನೆಯಲ್ಲೇ ಮಾಡಬಹುದಾದ ಪ್ರಯೋಗ ಹೇಳಿ. ಆಮ್ಲ ತರಲು ಅಪ್ಪ ಬಿಡುವುದಿಲ್ಲ.

ಅಪ್ಪನ ಮಾತು ಕೇಳಿ. ಬಿಳಿ ವಿನೆಗರ್ ಮತ್ತು ಮೊಟ್ಟೆಯ ಚಿಪ್ಪು ಸಾಕು. ಚಿಪ್ಪಿನ ಶೇ 95ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪು ತೊಳೆದು, ಒಳಗಿನ ತೆಳುಪೊರೆಯನ್ನು ಬಿಡಿಸಿ, ಬಿಸಿಲಿನಲ್ಲಿ ಒಣಗಿಸಿ. ಎರಡು ಗ್ರಾಮಿನಂತೆ ಎರಡು ಪಾಲು ಮಾಡಿ: ಒಂದು ಪಾಲನ್ನು ಉಗುರಿನಗಲದ ಚೂರುಗಳಾಗಿ ಬಿಡಿ, ಇನ್ನೊಂದನ್ನು ಒರಳಿನಲ್ಲಿ ನುಣ್ಣಗೆ ಕುಟ್ಟಿ. ಎರಡು ಗಾಜಿನ ಲೋಟಗಳಲ್ಲಿ ತಲಾ 100 ಮಿಲಿಲೀಟರ್ ವಿನೆಗರ್ ಸುರಿದು ಒಂದೇ ಹೊತ್ತಿಗೆ ಹಾಕಿ.

ಪುಡಿಯ ಲೋಟದಲ್ಲಿ ತಕ್ಷಣ ನೊರೆ ಉಕ್ಕುತ್ತದೆ. ಚೂರುಗಳ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ನಿಜವಾದ ಪಾಠ ಅಲ್ಲಿದೆ. ಚೂರಿನ ಮೈಮೇಲೆ ಸಣ್ಣ ಗುಳ್ಳೆಗಳು ಮೂಡಿ ಅಂಟಿಕೊಂಡು ಕೂರುತ್ತವೆ. ಗುಳ್ಳೆ ಕೂತ ಜಾಗಕ್ಕೆ ಆಮ್ಲ ತಾಗದು. ಗುಳ್ಳೆಗಳು ದಪ್ಪವಾದಂತೆ ಕೆಲವು ಚೂರುಗಳು ಮೇಲೇಳುತ್ತವೆ, ಮೇಲೆ ಬಂದು ಗುಳ್ಳೆ ಒಡೆದೊಡನೆ ಮತ್ತೆ ಮುಳುಗುತ್ತವೆ. ಹಾಗೆಂದು ಲೋಟವನ್ನು ಮುಚ್ಚಿಡಬೇಡಿ, ಅನಿಲದ ಒತ್ತಡ ಹೆಚ್ಚುತ್ತದೆ. ವಿನೆಗರ್ 100 ಮಿಲಿಲೀಟರ್ ಏಕೆಂದರೆ, ಸಾಮಾನ್ಯ ಶೇ 4ರ ವಿನೆಗರಿನಲ್ಲಿ ಎರಡು ಗ್ರಾಂ ಚಿಪ್ಪಿಗೆ ಸುಮಾರು 60 ಮಿಲಿಲೀಟರ್ ಬೇಕು. ಅದಕ್ಕಿಂತ ಕಡಿಮೆ ಹಾಕಿದರೆ ಆಮ್ಲವೇ ಮೊದಲು ಮುಗಿದು ಹೋಲಿಕೆ ಕೆಡುತ್ತದೆ.

ಮೊಟ್ಟೆ ಮನೆಯೊಳಗೆ ಬಾರದ ಮನೆಗಳಲ್ಲಿ ಗ್ರಾನೈಟ್ ಮತ್ತು ಮಾರ್ಬಲ್ ಅಂಗಡಿಯವರನ್ನು ಮಾರ್ಬಲ್ ಚೂರು ಕೇಳಿ. ಗ್ರಾನೈಟ್ ಚೂರು ಕೊಟ್ಟರೆ ಗುಳ್ಳೆ ಬರುವುದಿಲ್ಲ.

ಸೀಮೆಸುಣ್ಣಕ್ಕೆ ವಿನೆಗರ್ ಹಾಕಿದೆ. ಏನೂ ಆಗಲಿಲ್ಲ.

ಶಾಲೆಯ ಸೀಮೆಸುಣ್ಣ ಹೆಚ್ಚಿನ ಸಲ ಜಿಪ್ಸಂನಿಂದ ಮಾಡಿದ್ದು, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರಲ್ಲಿ ಕಾರ್ಬೊನೇಟ್ ಇಲ್ಲ. ಎಷ್ಟೇ ನುಣ್ಣಗೆ ಅರೆದರೂ ನಡೆಯದ ಕ್ರಿಯೆ ನಡೆಯುವುದಿಲ್ಲ.

ನನ್ನ ಪ್ರಯೋಗದಲ್ಲಿ ಪುಡಿಗಿಂತ ಸಣ್ಣ ಚೂರುಗಳೇ ಬೇಗ ಮುಗಿದವು. ನಿಯಮವೇ ತಪ್ಪೇ?

ನಿಯಮ ಸರಿಯಿದೆ. ನಿಮ್ಮ ಪುಡಿ ಲೋಟದ ತಳದಲ್ಲಿ ಗಂಟಾಗಿ ಕೂತಿದೆ, ಇಲ್ಲವೇ ನೊರೆಯ ಮೇಲೆ ಒಣಗಿಯೇ ತೇಲುತ್ತಿದೆ. ಒಳಗಿನ ಕಣಗಳಿಗೆ ಆಮ್ಲ ಮುಟ್ಟಿಲ್ಲ. ರಾಗಿ ಹಿಟ್ಟನ್ನು ಕುದಿಯುವ ನೀರಿಗೆ ಒಮ್ಮೆಲೇ ಸುರಿದವರಿಗೆ ಈ ಗಂಟುಗಳ ಪರಿಚಯ ಇದ್ದೇ ಇರುತ್ತದೆ: ಹೊರಗೆ ಬೆಂದಿರುತ್ತದೆ, ಮುರಿದರೆ ಒಳಗೆ ಒಣ ಹಿಟ್ಟು. ಪುಡಿ ಇರುವ ಲೋಟವನ್ನು ಕಲಕುತ್ತಿರಿ. ಆಗ ತುಂಡಿನ ಲೋಟವನ್ನೂ ಅಷ್ಟೇ ಕಲಕಬೇಕು, ಇಲ್ಲದಿದ್ದರೆ ಒಂದೇ ಸಲಕ್ಕೆ ಎರಡು ಅಂಶ ಬದಲಾಯಿಸಿದಂತಾಗುತ್ತದೆ.

ಈ ಪ್ರಶ್ನೆ ಕೇಳಿದ ಹುಡುಗಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ: ವಸ್ತುವಿಗೆ ಇರುವ ಮೇಲ್ಮೈ ಒಂದು ಲೆಕ್ಕ, ಎದುರಿನ ವಸ್ತು ತಲುಪಬಲ್ಲ ಮೇಲ್ಮೈ ಇನ್ನೊಂದು ಲೆಕ್ಕ. ಕ್ರಿಯೆಯ ದರ ಎರಡನೆಯದನ್ನು ಅನುಸರಿಸುತ್ತದೆ. ಮುಂದಿನ ಉತ್ತರಗಳಲ್ಲಿ ಅರ್ಧದಷ್ಟು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಗಾಂಧಿ ಬಜಾರಿನಲ್ಲಿ ಹುರಿದು ಪುಡಿ ಮಾಡಿಸಿ ತಂದ ಕಾಫಿ ಕೆಲವೇ ದಿನಗಳಲ್ಲಿ ಘಮ ಕಳೆದುಕೊಳ್ಳುತ್ತದೆ. ಬೀಜವಾಗಿಯೇ ಇಟ್ಟರೆ ಉಳಿಯುತ್ತದೆಯೇ?

ಖಂಡಿತ ಹೆಚ್ಚು ಕಾಲ ಉಳಿಯುತ್ತದೆ. ಪುಡಿಯಲ್ಲಿ ಎರಡು ನಷ್ಟಗಳು ಒಟ್ಟಿಗೇ ನಡೆಯುತ್ತವೆ. ಘಮ ಕೊಡುವ ಅಣುಗಳು ಹಾರಿಹೋಗುತ್ತವೆ. ಇದು ಭೌತಿಕ ಬದಲಾವಣೆ. ಬೀಜದ ಎಣ್ಣೆಯಂಶ ಮತ್ತು ಘಮದ ಅಣುಗಳು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಕಮಟಾಗುತ್ತವೆ. ಇದು ರಾಸಾಯನಿಕ ಕ್ರಿಯೆ. ಎರಡಕ್ಕೂ ಪುಡಿಯ ಅಗಾಧ ಮೇಲ್ಮೈ ದಾರಿ ತೆರೆದುಕೊಡುತ್ತದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಗಟ್ಟಿಯಾಗಿ ಇಳಿಯಲು ಕಾರಣವಾದ ನುಣುಪೇ ಡಬ್ಬಿಯಲ್ಲಿ ಕಾಫಿಯನ್ನು ಹಾಳು ಮಾಡುತ್ತದೆ. ಬೀಜ ತಂದು ಮನೆಯಲ್ಲಿ ಆಗಾಗ ಪುಡಿ ಮಾಡಿಕೊಳ್ಳಿ. ಆಗದಿದ್ದರೆ ಕಡಿಮೆ ಕಡಿಮೆ ತನ್ನಿ, ಗಾಳಿಯಾಡದ ಡಬ್ಬಿಯನ್ನು ತುಂಬಿಸಿಡಿ. ಅರ್ಧ ಖಾಲಿ ಡಬ್ಬಿಯ ಉಳಿದರ್ಧ ಗಾಳಿಯೇ.

ಬೆಳ್ಳುಳ್ಳಿ ಜಜ್ಜಿದರೆ ಘಾಟು, ಇಡಿಯಾಗಿ ಇದ್ದರೆ ಇಲ್ಲ. ಇದೂ ಮೇಲ್ಮೈ ವಿಸ್ತೀರ್ಣವೇ?

ಹಾಗೆ ಕಾಣುತ್ತದೆ, ಆದರೆ ಮುಖ್ಯ ಕಾರಣ ಬೇರೆ. ಬೆಳ್ಳುಳ್ಳಿಯ ಜೀವಕೋಶದಲ್ಲಿ ಆಲಿನ್ ಎಂಬ ವಸ್ತು ಒಂದು ಕಡೆ, ಆಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಕೋಶದ ಗೋಡೆಗಳು ಒಡೆದು ಎರಡೂ ಕೂಡುತ್ತವೆ, ಘಾಟಿನ ಆಲಿಸಿನ್ ಹುಟ್ಟುತ್ತದೆ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಬರುವುದೂ ಇದೇ ಬಗೆಯ ಬೆರಕೆಯಿಂದ. ಬೇರೆ ಬೇರೆ ಇಟ್ಟಿದ್ದ ಪ್ರತಿವರ್ತಕಗಳನ್ನು ನೀವೇ ಕೂಡಿಸಿದಿರಿ. ಇದನ್ನು ಮೇಲ್ಮೈಗೆ ಉದಾಹರಣೆಯಾಗಿ ಕೊಡುವ ಗೈಡುಗಳನ್ನು ನಂಬಬೇಡಿ.

ಮುದ್ದೆ ಅಗಿಯಬಾರದು, ನುಂಗಬೇಕು ಎನ್ನುತ್ತಾರೆ. ಚೆನ್ನಾಗಿ ಅಗಿದು ತಿನ್ನಿ, ಮೇಲ್ಮೈ ಹೆಚ್ಚುತ್ತದೆ ಎನ್ನುತ್ತದೆ ವಿಜ್ಞಾನ. ಯಾರನ್ನು ನಂಬಲಿ?

ಇಬ್ಬರನ್ನೂ. ಹಲ್ಲು ಮಾಡಬೇಕಾದ ಕೆಲಸವನ್ನು ರಾಗಿಯ ವಿಷಯದಲ್ಲಿ ಗಿರಣಿ ಮೊದಲೇ ಮಾಡಿದೆ. ಕಾಳು ಹಿಟ್ಟಾಗಿದೆ, ಹಿಟ್ಟು ನೀರಿನಲ್ಲಿ ಬೆಂದು ಪಿಷ್ಟ ಉಬ್ಬಿದೆ. ಕಿಣ್ವಗಳಿಗೆ ಅದು ಸುಲಭದ ತುತ್ತು. ನುಂಗಿದ ತುತ್ತನ್ನು ಜಠರ ಕಲಸಿ ಒಡೆಯುತ್ತದೆ, ಸಾರು ಅದಕ್ಕೆ ನೆರವಾಗುತ್ತದೆ. ಕಡಲೆಕಾಯಿಯನ್ನೋ ಹಸಿ ತರಕಾರಿಯನ್ನೋ ಹೀಗೆ ನುಂಗಿದರೆ ಬಹುಪಾಲು ಹಾಗೆಯೇ ಹೊರಬಂದೀತು. ಸಕ್ಕರೆ ಕಾಯಿಲೆ ಇರುವವರು ಇದರ ಇನ್ನೊಂದು ಮಗ್ಗುಲನ್ನು ಗಮನಿಸಿ: ಅದೇ ಧಾನ್ಯದ ನುಣುಪು ಹಿಟ್ಟು ಸಾಮಾನ್ಯವಾಗಿ ತರಿಗಿಂತ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಹಸಿ ಕಸ ಬೇಗ ಗೊಬ್ಬರವಾಗಲಿ ಎಂದು ಮಿಕ್ಸಿಗೆ ಹಾಕಿ ಮಡಕೆಗೆ ಸುರಿದೆ. ಈಗ ಮನೆಯವರೆಲ್ಲ ಮೂಗು ಮುಚ್ಚಿಕೊಂಡಿದ್ದಾರೆ.

ಕತ್ತರಿಸುವುದು ಒಳ್ಳೆಯದು, ಅರೆಯುವುದು ಅತಿಯಾಯಿತು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳು ಚೂರುಗಳ ಮೈಮೇಲೆ ಕೂತು ಕೆಲಸ ಮಾಡುತ್ತವೆ, ಆದ್ದರಿಂದ ಬಾಳೆದಿಂಡನ್ನು, ಹಲಸಿನ ಸಿಪ್ಪೆಯನ್ನು ಬೆರಳುದ್ದಕ್ಕೆ ಕತ್ತರಿಸಿದರೆ ಕೆಲಸ ಬೇಗ ಸಾಗುತ್ತದೆ. ಆದರೆ ಅವಕ್ಕೆ ಗಾಳಿಯೂ ಬೇಕು. ಅರೆದ ಕಸದಲ್ಲಿ ಸಂದುಗಳೆಲ್ಲ ಮುಚ್ಚಿ ಗಾಳಿ ಆಡುವುದಿಲ್ಲ. ಆಮ್ಲಜನಕವಿಲ್ಲದೆ ಬದುಕುವ ಬೇರೆ ಜೀವಿಗಳು ಮೇಲುಗೈ ಪಡೆಯುತ್ತವೆ, ನಾತ ಅವುಗಳದ್ದು. ಒಣ ಎಲೆ, ತೆಂಗಿನ ನಾರಿನ ಪುಡಿ ಇಲ್ಲವೇ ಮರದ ಹೊಟ್ಟನ್ನು ಧಾರಾಳವಾಗಿ ಬೆರೆಸಿ, ಕೋಲಿನಿಂದ ಕೆದಕಿ. ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

## ಕಟ್ಟಡ, ಬೆಂಕಿ, ಕಾರ್ಖಾನೆ

ಸಿಮೆಂಟ್ ಎಷ್ಟು ನುಣುಪಾಗಿದ್ದರೆ ಅಷ್ಟು ಒಳ್ಳೆಯದು ಎನ್ನುತ್ತಾರೆ ಮೇಸ್ತ್ರಿ. ನಿಜವೇ?

ಒಂದು ಮಿತಿಯವರೆಗೆ. ಸಿಮೆಂಟ್ ಗಟ್ಟಿಯಾಗುವುದು ಒಣಗುವುದರಿಂದ ಅಲ್ಲ, ನೀರಿನೊಂದಿಗೆ ನಡೆಯುವ ಕ್ರಿಯೆಯಿಂದ. ಅದು ಪ್ರತಿ ಕಣದ ಹೊರಮೈಯಿಂದ ಒಳಕ್ಕೆ ಸಾಗುತ್ತದೆ. ಅದಕ್ಕೇ ಭಾರತೀಯ ಮಾನಕಗಳು ನುಣುಪನ್ನು ಮೇಲ್ಮೈ ವಿಸ್ತೀರ್ಣದಲ್ಲೇ ಹೇಳುತ್ತವೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕಿಲೋಗೆ ಕನಿಷ್ಠ 225 ಚದರ ಮೀಟರ್, ಹಾರುಬೂದಿಯಂಥ ಪೊಜೋಲಾನಾ ಬೆರೆತದ್ದಕ್ಕೆ 300, ಬೇಗ ಗಟ್ಟಿಯಾಗುವ ಬಗೆಗೆ 325. ಕನಿಷ್ಠ ಮಟ್ಟವನ್ನೇ ಹಿಡಿದರೂ 50 ಕಿಲೋ ಚೀಲವೊಂದರ ಕಣಗಳ ಮೇಲ್ಮೈ 11,250 ಚದರ ಮೀಟರ್ ಆಯಿತು. ನೀವು ಮನೆ ಕಟ್ಟಿಸುತ್ತಿರುವ 30×40 ನಿವೇಶನದಂಥವು ನೂರು.

ಹೆಚ್ಚು ನುಣುಪಾದ ಸಿಮೆಂಟ್ ಮೊದಲ ದಿನಗಳಲ್ಲೇ ಬಲ ಪಡೆಯುತ್ತದೆ. ಜೊತೆಗೆ ಶಾಖವನ್ನೂ ಬೇಗ ಬಿಡುತ್ತದೆ, ಕಲಸಲು ಹೆಚ್ಚು ನೀರು ಕೇಳುತ್ತದೆ. ನೀರುಣಿಸುವುದರಲ್ಲಿ ಉದಾಸೀನ ಮಾಡಿದರೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೇ ಪೇರಿಸಿದರೆ ಇಷ್ಟೂ ಮೇಲ್ಮೈ ಗಾಳಿಯ ತೇವ ಹೀರಿ ನಿಮಗಿಂತ ಮೊದಲೇ ಕೆಲಸ ಶುರು ಮಾಡಿಬಿಡುತ್ತದೆ. ಬೆರಳಿನಲ್ಲಿ ಒಡೆಯದ ಗಂಟು ಬಂದ ಸಿಮೆಂಟನ್ನು ಜರಡಿ ಹಿಡಿದು ಬಳಸುವ ಉಳಿತಾಯ ಬೇಡ.

ಹಿಟ್ಟು ಸಿಡಿಯುತ್ತದೆ ಎಂದು ಎಲ್ಲೋ ಓದಿದೆ. ನಮ್ಮದು ಹಿಟ್ಟಿನ ಗಿರಣಿ. ಹೆದರಬೇಕೇ?

ಎಚ್ಚರವಾಗಿರಬೇಕು. ಚೀಲದಲ್ಲಿರುವ ಹಿಟ್ಟಿಗೆ ಬೆಂಕಿ ತಾಗಿದರೆ ಸುಮ್ಮನೆ ಕರಟುತ್ತದೆ. ಅದೇ ಹಿಟ್ಟು ಗಾಳಿಯಲ್ಲಿ ದಟ್ಟವಾಗಿ ಹರಡಿದ್ದರೆ ಪ್ರತಿ ಕಣದ ಸುತ್ತಲೂ ಆಮ್ಲಜನಕ ಇರುತ್ತದೆ; ಒಂದು ಕಣದ ಶಾಖ ಪಕ್ಕದ್ದಕ್ಕೆ ಹತ್ತಿ ಇಡೀ ಮೋಡ ಕ್ಷಣದಲ್ಲಿ ಉರಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಬಿಸಿ ಅನಿಲಕ್ಕೆ ಹೋಗಲು ಜಾಗವಿಲ್ಲದೆ ಗೋಡೆ ಹಾರುತ್ತದೆ. ಐದು ಸಂಗತಿಗಳು ಕೂಡಿದರೆ ಸ್ಫೋಟ: ಉರಿಯುವ ನುಣುಪು ಧೂಳು, ಆಮ್ಲಜನಕ, ಕಿಡಿ, ಧೂಳು ಗಾಳಿಯಲ್ಲಿ ಹರಡಿರುವುದು, ಮುಚ್ಚಿದ ಜಾಗ. ಒಂದನ್ನು ತಪ್ಪಿಸಿದರೂ ಸಾಕು.

ಇಟಲಿಯ ಟ್ಯೂರಿನ್ ನಗರದ ಬೇಕರಿಯೊಂದರ ಹಿಟ್ಟಿನ ಉಗ್ರಾಣದಲ್ಲಿ 1785ರಲ್ಲೇ ಇಂಥ ಸ್ಫೋಟ ದಾಖಲಾಗಿದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1878ರ ಮೇ 2ರಂದು ದೊಡ್ಡ ಹಿಟ್ಟಿನ ಗಿರಣಿಯೊಂದು ಸಿಡಿದು 18 ಮಂದಿ ಸತ್ತರು. 2008ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಸಿಡಿದದ್ದು ಸಕ್ಕರೆಯ ಧೂಳು. 14 ಜೀವ ಹೋಯಿತು. ಇಂಥ ಕಡೆ ಹೆಚ್ಚು ಹಾನಿ ಮಾಡುವುದು ಎರಡನೆಯ ಸ್ಫೋಟ. ಮೊದಲ ಸಣ್ಣ ಸಿಡಿತದ ಹೊಡೆತಕ್ಕೆ ತೊಲೆಗಳ ಮೇಲೆ, ಪೈಪುಗಳ ಮೇಲೆ ವರ್ಷಗಟ್ಟಲೆ ಕೂತಿದ್ದ ಧೂಳು ಒಮ್ಮೆಲೇ ಏಳುತ್ತದೆ, ಅದಕ್ಕೆ ಬೆಂಕಿ ಹತ್ತುತ್ತದೆ.

ಬಾಗಿಲು ತೆರೆದಿಟ್ಟ ಬೀದಿಯ ಸಣ್ಣ ಗಿರಣಿಗೆ ಅಷ್ಟು ಅಪಾಯವಿಲ್ಲ. ಆದರೂ ಮೇಲಿನ ತೊಲೆ, ಫ್ಯಾನು, ಸ್ವಿಚ್ ಬೋರ್ಡುಗಳ ಧೂಳನ್ನು ಆಗಾಗ ಒರೆಸಿ ತೆಗೆಯಿರಿ. ಬ್ಲೋವರಿನಿಂದ ಊದಬೇಡಿ, ಅದು ಕೂತ ಧೂಳನ್ನು ಗಾಳಿಗೆ ಎಬ್ಬಿಸುತ್ತದೆ. ಬೀಡಿ, ಊದುಬತ್ತಿ, ಸಡಿಲ ವೈರು ಒಳಗೆ ಬೇಡ. ದೇವರ ಪಟದ ಮುಂದಿನ ದೀಪವನ್ನು ಗಿರಣಿ ತಿರುಗದ ಹೊತ್ತಿನಲ್ಲಿ ಹಚ್ಚಿ. ಇನ್ನು ಹಿಟ್ಟು ಎರಚಿ ಜ್ವಾಲೆ ತೋರಿಸುವ ವಿಡಿಯೋಗಳನ್ನು ಮನೆಯಲ್ಲಿ ಮಾಡಿನೋಡಲು ಅನುಮತಿ ಕೇಳುವ ಮಕ್ಕಳಿಗೆ: ಇಲ್ಲ.

ಅಲ್ಯೂಮಿನಿಯಂ ಪಾತ್ರೆ ಒಲೆಯ ಮೇಲೆ ವರ್ಷಗಟ್ಟಲೆ ಇದ್ದರೂ ಉರಿಯುವುದಿಲ್ಲ. ಪಟಾಕಿಯಲ್ಲಿ ಅದೇ ಅಲ್ಯೂಮಿನಿಯಂ ಬೆಳ್ಳಗೆ ಉರಿಯುತ್ತದಲ್ಲ?

ಅಲ್ಯೂಮಿನಿಯಂ ಮೇಲೆ ಗಾಳಿಯಿಂದಲೇ ಕೆಲವು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ಪಾತ್ರೆಯಲ್ಲಿ ಲೋಹದ ರಾಶಿ ದೊಡ್ಡದು, ಮೇಲ್ಮೈ ಚಿಕ್ಕದು. ತಾಗಿದ ಶಾಖ ಇಡೀ ಪಾತ್ರೆಗೆ ಹರಡಿಹೋಗುತ್ತದೆ. ಸಣ್ಣ ಕಣವೊಂದಕ್ಕೆ ಶಾಖ ಹರಡಲು ಜಾಗವೇ ಇಲ್ಲ. ಅದು ಥಟ್ಟನೆ ಕಾಯುತ್ತದೆ, ಪದರ ಸೋಲುತ್ತದೆ, ಉರಿ ಹತ್ತುತ್ತದೆ. ಪಾತ್ರೆ ಉಜ್ಜುವ ಉಕ್ಕಿನ ನಾರು ಉರಿಯುವುದೂ, ಕಬ್ಬಿಣದ ಸರಳು ಉರಿಯದಿರುವುದೂ ಇದೇ ಕಾರಣಕ್ಕೆ.

ಪುಡಿಯೇ ಬೇಗ ವರ್ತಿಸುವುದಾದರೆ, ಕಬ್ಬಿಣದ ಕುಲುಮೆಗೆ ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಹಾಕುವುದೇಕೆ?

ಈ ಪುಟದ ಅತ್ಯುತ್ತಮ ಪ್ರಶ್ನೆ. ಉತ್ತರಕ್ಕೆ ನಮ್ಮದೇ ರಾಜ್ಯದ ಕಥೆ ಇದೆ. ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಬೇಡದ ಕಲ್ಲಿನಂಶ ಬೇರ್ಪಡಿಸಲು ಅದನ್ನು ಹಿಟ್ಟಿನಂತೆ ಅರೆಯಬೇಕಿತ್ತು. ಅರೆದದ್ದನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಅಲ್ಲಿ, ಪಣಂಬೂರಿನ ಘಟಕದಲ್ಲಿ, ಅದೇ ಪುಡಿಯನ್ನು ಗೋಲಿಯಷ್ಟು ದಪ್ಪದ ಉಂಡೆಗಳಾಗಿ ಕಟ್ಟಿ ಸುಡುತ್ತಿದ್ದರು. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಂತಿತು. ಅದನ್ನು ನಡೆಸುತ್ತಿದ್ದ ಕಂಪನಿಯ ಪ್ರಧಾನ ಕಚೇರಿ ನಮ್ಮ ಕೋರಮಂಗಲದಲ್ಲಿದೆ. ಅದರ ಮುಂದೆಯೇ ಓಡಾಡುವ ಮಕ್ಕಳಿಗೆ ಈ ಸಂಗತಿ ತಿಳಿದಿರುವುದಿಲ್ಲ.

ಕುಲುಮೆಯಲ್ಲಿ ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವ ಮುಖ್ಯ ವಸ್ತು ಇಂಗಾಲದ ಮಾನಾಕ್ಸೈಡ್ ಅನಿಲ. ಅದು ಕೆಳಗಿನಿಂದ ಮೇಲಕ್ಕೆ, ರಾಶಿಯ ಸಂದುಗಳಲ್ಲಿ ನುಸುಳಿ ಬರಬೇಕು. ಬರಿಯ ಪುಡಿ ತುಂಬಿದರೆ ಸಂದುಗಳು ಮುಚ್ಚಿಹೋಗಿ ಅನಿಲ ಎಲ್ಲೋ ಒಂದು ಕಡೆ ದಾರಿ ಕೊರೆದುಕೊಂಡು ನುಗ್ಗುತ್ತದೆ, ಪುಡಿಯೂ ಹಾರಿಹೋಗುತ್ತದೆ. ಉಂಡೆಗಳ ನಡುವೆ ದಾರಿ ಇರುತ್ತದೆ. ಉಂಡೆಯೊಳಗೂ ಸಣ್ಣ ರಂಧ್ರಗಳಿರುವುದರಿಂದ ಅನಿಲ ಒಳಕ್ಕೂ ಇಳಿಯುತ್ತದೆ. ಮೇಲ್ಮೈಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು ತಲುಪುವ ದಾರಿಯನ್ನು ಕೊಂಡುಕೊಂಡಂತಾಯಿತು.

## ಆಳಕ್ಕೆ ಇಳಿಯುವವರಿಗೆ

ಮೇಲ್ಮೈ ಹೆಚ್ಚಿಸಿದರೆ ಸಕ್ರಿಯಣ ಶಕ್ತಿ ಕಡಿಮೆಯಾಗುತ್ತದೆಯೇ? ದ್ವಿತೀಯ ಪಿಯು ಪರೀಕ್ಷೆಗೆ ಬೇಕು.

ಆಗುವುದಿಲ್ಲ. ಪ್ರತಿ ಡಿಕ್ಕಿ ದಾಟಬೇಕಾದ ಶಕ್ತಿಯ ಮಟ್ಟ ಅಷ್ಟೇ ಇರುತ್ತದೆ. ಡಿಕ್ಕಿಗಳ ಸಂಖ್ಯೆ ಹೆಚ್ಚುತ್ತದೆ. ಸಕ್ರಿಯಣ ಶಕ್ತಿಯನ್ನು ತಗ್ಗಿಸುವುದು ವೇಗವರ್ಧಕದ ಕೆಲಸ, ಅದು ಕ್ರಿಯೆಗೆ ಬೇರೆಯದೇ ದಾರಿ ತೋರಿಸುತ್ತದೆ. ತಾಪ ಏರಿಸಿದರೆ ಆ ಮಟ್ಟ ದಾಟಬಲ್ಲ ಕಣಗಳ ಪಾಲು ಹೆಚ್ಚುತ್ತದೆ. ಮೂರನ್ನೂ ಕಲಸಬೇಡಿ. ಸಮತೋಲನ ಸ್ಥಿತಿಯೂ ಬದಲಾಗದು: ಪುಡಿ ಮಾಡಿದರೆ ಅಲ್ಲಿಗೆ ಬೇಗ ಮುಟ್ಟುತ್ತೀರಿ, ಬೇರೆ ಕಡೆಗೆ ಹೋಗುವುದಿಲ್ಲ.

ಎರಡೂ ದ್ರವವಾಗಿದ್ದರೆ ಮೇಲ್ಮೈ ಪ್ರಶ್ನೆಯೇ ಇಲ್ಲವೇ?

ಒಂದರಲ್ಲೊಂದು ಬೆರೆಯುವ ದ್ರವಗಳಾದರೆ ಇಲ್ಲ. ಬೆರೆಯದವಾದರೆ ಇದೆ. ಎಣ್ಣೆ ಮತ್ತು ನೀರಿನ ನಡುವಿನ ಗಡಿಯೇ ಅಲ್ಲಿನ ಮೇಲ್ಮೈ. ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುವುದು, ಕೊಬ್ಬು ಕರಗಿಸುವ ಲೈಪೇಸ್ ಕಿಣ್ವಕ್ಕೆ ಆ ಗಡಿಯನ್ನು ಹಿಗ್ಗಿಸಿಕೊಡುವುದಕ್ಕಾಗಿಯೇ.

ಕ್ರಿಯೆ ನಡೆಯುತ್ತಾ ತುಂಡು ಸವೆಯುತ್ತದೆ. ಆಗ ದರವೂ ಬದಲಾಗಬೇಕಲ್ಲ?

ಹೌದು, ಮೇಲ್ಮೈ ಕುಗ್ಗಿದಂತೆ ದರವೂ ಇಳಿಯುತ್ತದೆ. ಆಮ್ಲ ಬೇಕಾದಷ್ಟಿದ್ದು ಅದರ ಸಾರತೆ ಬದಲಾಗದು ಎಂದುಕೊಳ್ಳಿ. ಆಗ ಗುಂಡಗಿನ ತುಂಡಿನ ತ್ರಿಜ್ಯ ಒಂದೇ ಸಮನಾಗಿ ಸವೆಯುತ್ತದೆ, ಆದರೆ ತೂಕ ತ್ರಿಜ್ಯದ ಘನವನ್ನು ಅನುಸರಿಸುತ್ತದೆ. ಅರ್ಧ ಸಮಯ ಕಳೆದಾಗ ತ್ರಿಜ್ಯ ಅರ್ಧ, ಉಳಿದ ತೂಕ ಎಂಟನೇ ಒಂದು ಪಾಲು. ತೂಕ ಅರ್ಧಕ್ಕೆ ಇಳಿಯುವುದು ಯಾವಾಗ ಎಂದು ನೋಡಿದರೆ, ಒಟ್ಟು ಸಮಯದ ಶೇ 21ರ ಒಳಗೇ. ಮೊದಲರ್ಧ ಐದನೇ ಒಂದು ಸಮಯದಲ್ಲಿ ಮುಗಿಯುತ್ತದೆ, ಉಳಿದರ್ಧಕ್ಕೆ ಉಳಿದೆಲ್ಲ ಸಮಯ ಬೇಕು. ಮೊಟ್ಟೆಚಿಪ್ಪಿನ ಕೊನೆಯ ಚೂರು ಕರಗಲು ತಾಳ್ಮೆ ಪರೀಕ್ಷಿಸುವುದು ಸುಮ್ಮನೆ ಅಲ್ಲ. ಅಲ್ಲಿ ವಿನೆಗರ್ ತೆಳುವಾಗುವುದೂ ಸೇರಿಕೊಂಡಿರುತ್ತದೆ.

ಹಾಗಾದರೆ ಘನ ಇಂಧನದ ರಾಕೆಟ್ ಉರಿಯುತ್ತಾ ಬಲ ಕಳೆದುಕೊಳ್ಳಬೇಕು. ಪಿಎಸ್‌ಎಲ್‌ವಿ ಹೇಗೆ ಹಾರುತ್ತದೆ?

ಮೇಲ್ಮೈ ಕುಗ್ಗದಂತೆ ಇಂಧನವನ್ನು ಎರಕ ಹೊಯ್ಯುವುದರಿಂದ. ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಸುಮಾರು 138 ಟನ್ ಘನ ಇಂಧನವಿದೆ: ರಬ್ಬರಿನಂಥ ಪಾಲಿಮರ್, ಅಮೋನಿಯಂ ಪರ್‌ಕ್ಲೋರೇಟ್, ಅಲ್ಯೂಮಿನಿಯಂ ಪುಡಿ. ಎರಡು ನಿಮಿಷ ತುಂಬುವ ಮೊದಲೇ ಎಲ್ಲವೂ ಉರಿದುಹೋಗುತ್ತದೆ. ಇಂಥ ಇಂಧನದ ನಡುವೆ ಉದ್ದಕ್ಕೂ ಪೊಳ್ಳು ಬಿಟ್ಟಿರುತ್ತಾರೆ, ಉರಿ ಅಲ್ಲಿಂದ ಹೊರಮುಖವಾಗಿ ಸಾಗುತ್ತದೆ. ಪೊಳ್ಳು ದುಂಡಗಿದ್ದರೆ ಉರಿಯುವ ಮೇಲ್ಮೈ ಹಿಗ್ಗುತ್ತಾ ಒತ್ತಡ ಏರುತ್ತಾ ಹೋಗುತ್ತದೆ. ನಕ್ಷತ್ರಾಕಾರದ ಪೊಳ್ಳಾದರೆ ಚೂಪು ಅಂಚುಗಳು ಸವೆದು ಕಳೆದುಕೊಂಡದ್ದನ್ನು ವ್ಯಾಸ ಹಿಗ್ಗಿ ತುಂಬಿಕೊಡುತ್ತದೆ. ಮೇಲ್ಮೈ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎಷ್ಟು ಬಲ, ಯಾವ ಕ್ಷಣದಲ್ಲಿ ಎಂಬುದನ್ನು ಆ ಆಕಾರದಲ್ಲೇ ಬರೆದಿಟ್ಟಿರುತ್ತಾರೆ. ಇಂಧನದಲ್ಲಿ ಬಿರುಕು ಬಿಟ್ಟರೆ ಲೆಕ್ಕಕ್ಕಿಲ್ಲದ ಮೇಲ್ಮೈ ಒಮ್ಮೆಲೇ ಉರಿಗೆ ತೆರೆದುಕೊಂಡು ಮೋಟಾರೇ ಸಿಡಿಯಬಹುದು. ಅದಕ್ಕೇ ಹಾರಿಸುವ ಮೊದಲು ಕ್ಷ-ಕಿರಣದಂಥ ತಪಾಸಣೆಗಳು.

ಒಂದು ಗ್ರಾಂ ಇದ್ದಿಲಿನಲ್ಲಿ ಸಾವಿರ ಚದರ ಮೀಟರ್ ಎನ್ನುತ್ತಾರೆ. ಅಳೆದವರು ಯಾರು, ಹೇಗೆ?

ಪಟುಗೊಳಿಸಿದ ಇದ್ದಿಲಿನ ವಿಷಯ ಇದು. ನೀರಿನ ಫಿಲ್ಟರಿನಲ್ಲಿರುವ ಕಪ್ಪು ಪುಡಿ ಹೆಚ್ಚಾಗಿ ತೆಂಗಿನ ಕರಟದಿಂದ ಮಾಡಿದ್ದು. ಗ್ರಾಮಿಗೆ 500ರಿಂದ 1500 ಚದರ ಮೀಟರ್ ಸಾಮಾನ್ಯ. ಈ ಮೇಲ್ಮೈ ಇರುವುದು ಕಣದ ಹೊರಗಲ್ಲ, ಒಳಗಿನ ಸೂಕ್ಷ್ಮ ರಂಧ್ರಗಳ ಗೋಡೆಗಳಲ್ಲಿ. ಅಳೆಯುವ ವಿಧಾನವನ್ನು 1938ರಲ್ಲಿ ಬ್ರೂನರ್, ಎಮ್ಮೆಟ್, ಟೆಲ್ಲರ್ ಪ್ರಕಟಿಸಿದರು. ಮಾದರಿಯನ್ನು ದ್ರವ ನೈಟ್ರೋಜನ್ನಿನ ತಾಪಕ್ಕೆ, ಅಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ ನೈಟ್ರೋಜನ್ ಅನಿಲ ಬಿಡುತ್ತಾರೆ. ಗೋಡೆಗಳ ಮೇಲೆ ಒಂದೇ ಪದರ ಹಾಸಲು ಎಷ್ಟು ಅಣುಗಳು ಬೇಕಾದವು ಎಂದು ಲೆಕ್ಕ ಹಾಕುತ್ತಾರೆ. ಒಂದು ಅಣು 0.162 ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ. ಗುಣಿಸಿದರೆ ಮೇಲ್ಮೈ ಸಿಗುತ್ತದೆ.

ಆದರೆ ನೈಟ್ರೋಜನ್ ನುಸುಳಿದ ಕಡೆಗೆಲ್ಲ ದೊಡ್ಡ ಬಣ್ಣದ ಅಣುವೊಂದು ನುಸುಳಲಾರದು. ಅದರ ಪಾಲಿಗೆ ಆ ಮೇಲ್ಮೈ ಇದ್ದೂ ಇಲ್ಲದಂತೆ. ಕಾವೇರಿ ನೀರಿನ ಕ್ಲೋರಿನ್ ವಾಸನೆ ಫಿಲ್ಟರಿನಲ್ಲಿ ಹೋಗುವುದಕ್ಕೂ ಈ ಇದ್ದಿಲೇ ಕಾರಣ. ಅಲ್ಲಿ ಬರಿಯ ಅಂಟಿಕೊಳ್ಳುವಿಕೆ ಅಲ್ಲ, ಕ್ಲೋರಿನ್ ಇಂಗಾಲದೊಡನೆ ವರ್ತಿಸಿ ಕ್ಲೋರೈಡ್ ಆಗುತ್ತದೆ.

ಕಾರಿನ ಹೊಗೆ ಶುದ್ಧೀಕರಿಸುವ ಕನ್ವರ್ಟರಿನಲ್ಲಿ ಪ್ಲಾಟಿನಂ ಇರುತ್ತದಂತೆ. ಖರ್ಚಾಗದ ವೇಗವರ್ಧಕ ಹಳತಾಗುವುದು ಹೇಗೆ?

ಲೋಹ ಖರ್ಚಾಗದಿದ್ದರೂ ಮೇಲ್ಮೈ ಖರ್ಚಾಗುತ್ತದೆ. ಜೇನುಗೂಡಿನಂಥ ಪಿಂಗಾಣಿಯ ಮೇಲೆ ರಂಧ್ರಮಯ ಅಲ್ಯೂಮಿನಾ ಲೇಪಿಸಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಅತಿ ಸೂಕ್ಷ್ಮ ಕಣಗಳನ್ನು ಹರಡಿರುತ್ತಾರೆ. ಕೆಲವೇ ಗ್ರಾಂ ಲೋಹ ಸಾಕಾಗುವುದು ಹಾಗೆ. ವರ್ಷಗಟ್ಟಲೆ ಅತಿ ಶಾಖದಲ್ಲಿ ಈ ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ, ಗಂಧಕದಂಥ ಕಲ್ಮಶಗಳು ಮೇಲೆ ಕೂರುತ್ತವೆ. ತೂಕ ಅಷ್ಟೇ ಇದ್ದರೂ ಹೊಗೆಗೆ ಸಿಗುವ ಜಾಗ ಕಡಿಮೆಯಾಗಿರುತ್ತದೆ.

ಇನ್ನೂ ಚಿಕ್ಕದು, ಇನ್ನೂ ಚಿಕ್ಕದು ಮಾಡುತ್ತಾ ಹೋದರೆ ಇದೇ ಲೆಕ್ಕ ನಡೆಯುತ್ತದೆಯೇ?

ಕೆಲವು ನ್ಯಾನೋಮೀಟರುಗಳವರೆಗೆ ನಡೆಯುತ್ತದೆ, ಆಮೇಲೆ ವಸ್ತುವಿನ ಸ್ವಭಾವವೇ ಬದಲಾಗುತ್ತದೆ. ಎರಡು ನ್ಯಾನೋಮೀಟರಿನ ಲೋಹದ ಕಣದಲ್ಲಿ ಸುಮಾರು ಅರ್ಧದಷ್ಟು ಪರಮಾಣುಗಳು ಹೊರಪದರದಲ್ಲೇ ಇರುತ್ತವೆ. ಅಂಚಿನಲ್ಲಿ, ಮೂಲೆಯಲ್ಲಿ ಇರುವವುಗಳಿಗೆ ನೆರೆಹೊರೆ ಕಡಿಮೆ, ಅವು ಹೆಚ್ಚು ಚುರುಕು. ಪ್ರಸಿದ್ಧ ನಿದರ್ಶನ ಚಿನ್ನ. ಅಜ್ಜಿಯ ಅವಲಕ್ಕಿ ಸರ ಕರಗದೆ, ಕಪ್ಪಾಗದೆ ಮೊಮ್ಮಗಳ ಕೊರಳಿಗೆ ಬರುವುದು ಚಿನ್ನ ಅಷ್ಟು ನಿರ್ಲಿಪ್ತವಾಗಿರುವುದರಿಂದ. 1987ರಲ್ಲಿ ಜಪಾನಿನ ಮಸಾಟಕೆ ಹರುಟಾ ಮತ್ತು ಸಂಗಡಿಗರು, ಲೋಹದ ಆಕ್ಸೈಡುಗಳ ಮೇಲೆ ಕೂರಿಸಿದ ಚಿನ್ನದ ನ್ಯಾನೋಕಣಗಳು ಇಂಗಾಲದ ಮಾನಾಕ್ಸೈಡನ್ನು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೂ ಉರಿಸಬಲ್ಲವು ಎಂದು ತೋರಿಸಿದರು. ಬರಿಯ ಮೇಲ್ಮೈ ಲೆಕ್ಕದಿಂದ ಇದನ್ನು ವಿವರಿಸಲು ಬರುವುದಿಲ್ಲ. ಕಣದ ಗಾತ್ರ, ಅದು ಕೂತ ಆಕ್ಸೈಡು, ಎರಡರ ನಡುವಿನ ಅಂಚು ಎಲ್ಲವೂ ಸೇರುತ್ತವೆ. ಇಷ್ಟು ಚಿಕ್ಕ ಕಣಗಳನ್ನು ಅರೆದು ಪಡೆಯುವುದೂ ಕಷ್ಟ. ಅರೆಯುತ್ತಾ ಹೋದಂತೆ ಅವು ಮತ್ತೆ ಮತ್ತೆ ಒಂದಕ್ಕೊಂದು ಅಂಟುತ್ತವೆ, ಆದ್ದರಿಂದ ಹೆಚ್ಚಾಗಿ ದ್ರಾವಣದಲ್ಲಿ ಪರಮಾಣುಗಳಿಂದಲೇ ಬೆಳೆಸಿಕೊಳ್ಳುತ್ತಾರೆ.